ಹನ್ನೊಂದೂವರೆ ಅಡಿಯ ಓಣಿ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಹೆಂಗಸಲ್ಲ. ಯಾರಾದರೂ ದೆವ್ವ ಕಂಡೆ, ಕನಸಿನಲ್ಲಿ ಅಜ್ಜಿ ಬಂದು ಹೀಗೆ ಹೇಳಿದಳು ಅಂತ ಶುರು ಮಾಡಿದರೆ, "ರಾತ್ರಿ ಏನು ಉಂಡಿದ್ರಿ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದವಳು. ಅದಕ್ಕೆ ನನ್ನ ಕಸುಬೂ ಕಾರಣ ಇರಬಹುದು. ನನ್ನದು ಅಳತೆಯ ಕೆಲಸ. ಟೇಪು ಎಳೆದರೆ ಎಷ್ಟಿದೆಯೋ ಅಷ್ಟೇ, ಅದರಲ್ಲಿ ನಂಬುವುದು ಬಿಡುವುದು ಎಂತದು?

ನಮ್ಮನೆಯವರು ಉದ್ದನೆಯ ಟ್ರೈಲರ್ ಲಾರಿ ಓಡಿಸುತ್ತಾರೆ. ಮಂಗಳೂರು ಬಂದರಿನಲ್ಲಿ ಹಡಗಿನಿಂದ ಇಳಿಯುವ ದೊಡ್ಡ ದೊಡ್ಡ ಕೃಷಿ ಯಂತ್ರಗಳನ್ನು ಘಾಟಿ ಹತ್ತಿಸಿ, ಹಾಸನದ ಸುತ್ತಮುತ್ತ ಕೊಂಡವರ ಮನೆ ಬಾಗಿಲಿಗೆ ಮುಟ್ಟಿಸುವುದು ನಮ್ಮ ಕೆಲಸ. ಬೂವನಹಳ್ಳಿ ಹತ್ತಿರ ಲಾರಿ ನಿಲ್ಲಿಸಲು ಒಂದು ಸಣ್ಣ ಜಾಗ ಇದೆ, ಅಲ್ಲೇ ಒಂದು ಕೋಣೆಯ ಆಫೀಸು. ಅವರು ಲಾರಿಯಲ್ಲಿ ಹಿಂದೆ, ನಾನು ಕೆಂಪು ಬಾವುಟ ಕಟ್ಟಿದ ಜೀಪಿನಲ್ಲಿ ಮುಂದೆ. ಎಲ್ಲಿ ಕರೆಂಟ್ ತಂತಿ ತಗ್ಗಿದೆ, ಯಾವ ಸೇತುವೆ ಕಿರಿದು, ಯಾವ ಊರಿನ ತಿರುವಿನಲ್ಲಿ ಯಾರು ಜಗಲಿಯನ್ನು ರಸ್ತೆಗೆ ತಂದುಕೊಂಡಿದ್ದಾರೆ, ಇದನ್ನೆಲ್ಲ ಮೊದಲೇ ಹೋಗಿ ಅಳೆದು ಬರೆದುಕೊಂಡು ಬರುವವಳು ನಾನು. ಡ್ರೈವರುಗಳೆಲ್ಲ ನನ್ನನ್ನು ಟೇಪಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ಏನೆನ್ನುತ್ತಾರೋ ಗೊತ್ತಿಲ್ಲ.

ಕಿರಿದಾದ ಜಾಗ ಬಂದರೆ ನಾನು ಇಳಿದು ಮುಂದೆ ನಿಲ್ಲುತ್ತೇನೆ. ಅಂಗೈ ಎತ್ತಿ ಹಿಡಿದರೆ ನಿಲ್ಲು ಎಂದು. ಬೆರಳು ಮಡಚಿ ನನ್ನ ಕಡೆಗೆ ಬೀಸಿದರೆ ಬಾ ಎಂದು. ನಮ್ಮನೆಯವರು ಬೇರೆ ವಿಷಯದಲ್ಲಿ ನನ್ನ ಮಾತು ಕೇಳಿದ್ದು ಅಷ್ಟಕ್ಕಷ್ಟೇ, ಆದರೆ ಗಾಡಿಯ ಮೇಲೆ ಕೂತಾಗ ನನ್ನ ಕೈ ಹೇಳದೆ ಒಂದು ಗೇಣೂ ಕದಲುವುದಿಲ್ಲ. ಹದಿನೈದು ವರ್ಷದಲ್ಲಿ ಒಂದೇ ಒಂದು ಸಲ ಕದಲಿದರು. ಆ ಒಂದು ಸಲದ ಕಥೆಯೇ ಇದು.

ಏಳು ವರ್ಷದ ಹಿಂದಿನ ಮಾತು. ಭತ್ತದ ಕಟಾವಿಗೆ ಸರಿಯಾಗಿ ಒಂದೇ ಸಲ ಮೂರು ಕಟಾವು ಮಿಷನ್ನು ಬಂದರಿಗೆ ಬಂದವು. ಒಂದು ಅರಕಲಗೂಡಿಗೆ, ಒಂದು ಚನ್ನರಾಯಪಟ್ಟಣಕ್ಕೆ, ಮೂರನೆಯದು ಹಳ್ಳಿಮೈಸೂರು ದಾಟಿ ಒಂದು ಸಣ್ಣ ಊರಿಗೆ. ಮೊದಲಿನ ಎರಡು ದಾರಿಯನ್ನು ನಾನೇ ಹೋಗಿ ಅಳೆದು ಬಂದೆ. ಮೂರನೆಯದಕ್ಕೆ ಹೊರಡುವ ದಿನ ಮಗಳಿಗೆ ಜ್ವರ ಬಂತು. ಕೊಂಡವನ ಹೆಸರು ಲೋಕೇಶ, ಒಳ್ಳೆಯ ಹುಡುಗ, ಫೋನಿನಲ್ಲೇ ಕೇಳಿದೆ, ನಿಮ್ಮೂರಿನ ಓಣಿ ಎಷ್ಟು ಅಗಲ ಇದೆಯಪ್ಪಾ ಅಂತ.

"ಎರಡು ಮಾರು ಮೇಲೆ ಒಂದು ಗೇಣು ಐತೆ ಅಕ್ಕಾ, ನಿಂತ್ಕೊಂಡು ಅಳ್ಸಿದೀನಿ" ಅಂದ.

ಎರಡೂ ಕೈ ಚಾಚಿದರೆ ಒಂದು ಮಾರು, ಆರು ಅಡಿ. ಎರಡಕ್ಕೆ ಹನ್ನೆರಡು, ಮೇಲೆ ಗೇಣು. ಯಂತ್ರದ ಮುಂದಿನ ಚಕ್ರಗಳ ಅಗಲ ಸರಿಯಾಗಿ ಹನ್ನೆರಡು ಅಡಿ. ಬಿಗಿಯಾದರೂ ನುಸುಳುತ್ತದೆ ಎಂದು ಬರೆದುಕೊಂಡೆ. ಯಾರ ಮಾರು ಎಂದು ಕೇಳಬೇಕಿತ್ತು. ಟೇಪಕ್ಕ ಎಂದು ಹೆಸರು ಹೊತ್ತವಳು, ಕೇಳಲಿಲ್ಲ.

ಆ ಊರಿಗೆ ನಾವು ಮುಟ್ಟಿದ್ದು ಮಧ್ಯಾಹ್ನ ಮೂರರ ಸುಮಾರಿಗೆ. ಟಾರು ರಸ್ತೆಯಿಂದ ಓಣಿ ಒಳಗೆ ತಿರುಗುತ್ತದೆ. ಎಡಗಡೆ ಹಾಲಿನ ಡೈರಿಯ ಕಟ್ಟಡ, ಮೂಲೆಗೆ ಕಾಂಕ್ರೀಟ್ ಕಂಬ. ಬಲಗಡೆ ಒಂದು ಸಣ್ಣ ಮನೆ, ಅದರ ಮುಂದೆ ಓಣಿಗೆ ಒತ್ತಿಕೊಂಡು ಒಂದು ಹೊಂಗೆ ಮರ. ನಡುವೆ ಟೇಪು ಎಳೆದೆ. ಹನ್ನೊಂದೂವರೆ. ಇನ್ನೊಂದು ಸಲ ಎಳೆದೆ. ಹನ್ನೊಂದೂವರೆ. ಲೋಕೇಶನನ್ನು ಕರೆದು ಯಾರಪ್ಪ ಅಳೆದದ್ದು ಎಂದೆ. ಅವನು ತನ್ನ ಅಪ್ಪನನ್ನು ಮುಂದಕ್ಕೆ ತಳ್ಳಿದ. ನನ್ನಷ್ಟೂ ಎತ್ತರ ಇಲ್ಲದ ಮನುಷ್ಯ! ಪಾಪ, ನಗುನಗುತ್ತಾ ಕೈ ಚಾಚಿ, "ಸರ್ಯಾಗೇ ಅಳ್ದಿವ್ನಿ ಕಣವ್ವ, ನೋಡು ಬೇಕಾದ್ರೆ" ಎಂದು ಮತ್ತೆ ಅಳೆದು ತೋರಿಸಿದರು. ಎರಡು ಮಾರು ಒಂದು ಗೇಣು, ಕರಾರುವಾಕ್ಕು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬೇರೆ ದಾರಿ ಇರಲಿಲ್ಲ. ಊರ ಪಕ್ಕದ ನಾಲೆ ಏರಿಯ ಮೇಲೆ ಹೋಗೋಣವೆಂದರೆ ಮಣ್ಣು ಮೆತ್ತಗಿತ್ತು, ಹೋದರೆ ಯಂತ್ರ ನಾಲೆಯಲ್ಲಿ. ಚಕ್ರ ಬಿಚ್ಚಿದರೆ ಯಂತ್ರ ಹೊತ್ತೊಯ್ಯಲು ಕ್ರೇನು ಬೇಕು, ಅಷ್ಟು ದೊಡ್ಡ ಕ್ರೇನು ಆ ಓಣಿಯಲ್ಲಿ ಹಿಡಿಸುವುದಿಲ್ಲ. ಅತ್ತ ಓಣಿಯ ಆಚೆ ಬಯಲು ತುಂಬ ಭತ್ತ ಹಣ್ಣಾಗಿ ನಿಂತಿತ್ತು, ಇತ್ತ ಟೀವಿಯಲ್ಲಿ ಇನ್ನೆರಡು ದಿನಕ್ಕೆ ಮಳೆ ಎಂದು ಹೇಳುತ್ತಿದ್ದರು. ಡೈರಿ ಕಂಬ ಒಡೆಯುವ ಹಾಗಿಲ್ಲ. ಊರಿನವರೆಲ್ಲ ಸೇರಿ ಮಾತಾಡಿ ಕೊನೆಗೆ ಮರ ತೆಗೆಯುವುದು ಎಂದಾಯಿತು. ಅದು ಓಣಿಗೆ ಸೇರಿದ ಜಾಗವಂತೆ, ಯಾರ ಅಪ್ಪಣೆಯೂ ಬೇಕಿಲ್ಲವಂತೆ. ಮರ ಕೊಯ್ಯುವವನು ಬೆಳಿಗ್ಗೆ ಬರುತ್ತೇನೆ ಎಂದ.

ಆಗ ಆ ಸಣ್ಣ ಮನೆಯಿಂದ ಒಬ್ಬ ಮುದುಕಿ ಬಂದು ಮರಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಳು. ಹೆಸರು ನಿಂಗಮ್ಮ. ನಾಟಿ, ಕಳೆ, ಕೊಯ್ಲು ಎಂದು ಆ ಬಯಲಿನ ಎಲ್ಲರ ಗದ್ದೆಯಲ್ಲೂ ಬಗ್ಗಿ ಬಗ್ಗಿ ಸೊಂಟ ಡೊಂಕಾದ ಜೀವ. ಅತ್ತು ಕರೆದು ಏನೂ ಮಾಡಲಿಲ್ಲ. ಯಂತ್ರದ ಕಡೆ ಕೈ ತೋರಿಸಿ, "ಬತ್ತ ಕುಯ್ಯೋ ನನ್ ಕುಡ್ಲು ಕಿತ್ಕಳಕ್ಕೆ ಬಂದೈತೆ, ಕಿತ್ಕಳ್ಳಿ. ನನ್ ಮೊಗೀನೂ ಕಿತ್ಕಬೇಕೇನ್ರಪ್ಪಾ?" ಅಂದಳು. ಊರಿನವರು ಒಬ್ಬೊಬ್ಬರೇ ಜಾರಿಕೊಂಡರು.

ನಾನು ಮಾತ್ರ ಹೋಗಲಾರದೆ ನಿಂತೆ. ಎಷ್ಟೆಂದರೂ ತಪ್ಪು ನನ್ನದು. ಎರಡು ದಿನ ಮುಂಚೆ ಬಂದು ಅಳೆದಿದ್ದರೆ ಈ ಯಂತ್ರ ಘಾಟಿ ಹತ್ತುತ್ತಲೇ ಇರಲಿಲ್ಲ. ಹತ್ತಿರ ಹೋಗಿ ಕೂತೆ. ಆಮೇಲೆ ಅವಳೇ, "ನಮ್ಮನೇಲಿ ಕಾಫಿ ಕುಡೀತೀಯವ್ವಾ?" ಎಂದು ಕೇಳಿದಳು. ಕೇಳುವಾಗ ನನ್ನ ಮುಖ ನೋಡಲಿಲ್ಲ. "ಕೊಟ್ರೆ ಕುಡೀತೀನಿ" ಅಂದೆ. ಬೆಲ್ಲದ ಕಾಫಿ ಕಾಯಿಸಿ ತಂದು, ಲೋಟ ನನ್ನ ಕೈಗೇ ಕೊಟ್ಟು, ಮತ್ತೆ ಮರಕ್ಕೆ ಒರಗಿ ಕೂತು ಹೇಳಿದಳು.

ಅವಳ ಮೊದಲ ಮಗ ಹುಟ್ಟಿದ ಹದಿನಾಲ್ಕನೆಯ ದಿನಕ್ಕೆ ಹೋಗಿಬಿಟ್ಟನಂತೆ. ಹಲ್ಲು ಬರದ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ, ನಿಮಗೂ ಗೊತ್ತಿರಬಹುದು. ಹೆತ್ತವಳನ್ನು ಅಲ್ಲಿಗೆ ಕರೆದುಕೊಂಡು ಹೋಗುವುದೂ ಇಲ್ಲ, ಜಾಗವನ್ನು ತೋರಿಸುವುದೂ ಇಲ್ಲ. ಆದರೆ ಅವಳ ಗಂಡ ಎಲ್ಲರ ಮಾತು ಮೀರಿ, ಮಗುವನ್ನು ದೂರ ಒಯ್ಯದೆ ಮನೆ ಮುಂದೆಯೇ ಮಣ್ಣು ಮಾಡಿ, ನಾಯಿ ನರಿ ಕೆದಕಬಾರದೆಂದು ಮೇಲೊಂದು ಹೊಂಗೆ ಸಸಿ ನೆಟ್ಟನಂತೆ. ಆಗ ಇದು ಒಂದು ಕಾಲುದಾರಿ. ಓಣಿಯಾಗಿದ್ದು, ಡೈರಿ ಬಂದದ್ದು ಎಲ್ಲ ಆಮೇಲೆ.

"ದಿನಾ ಮಾತಾಡುಸ್ತೀನಿ ಕಣವ್ವ. ಗದ್ದೆಗೋಗುವಾಗ ಓಗ್ಬತ್ತೀನಿ ಕಂದಾ ಅಂತೀನಿ. ಜನ ನನ್ನ ಅರೆ ಉಚ್ಚಿ ಅಂತರೆ. ಅನ್ನಲಿ ಬುಡು." ಹಾಗಂದು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ನಿಂಗೆಷ್ಟು ಮಕ್ಕಳವ್ವಾ?" ಎಂದು ಕೇಳಿದಳು.

ಎಲ್ಲರಿಗೂ ಹೇಳುವಂತೆ ಒಬ್ಬಳೇ ಮಗಳು ಎಂದು ಹೇಳಬೇಕಿತ್ತು. ಬಾಯಿಗೆ ಬೇರೆಯೇ ಬಂತು. "ಇಬ್ಬರು. ಮೊದಲಿನದು ಹೆಣ್ಣು, ಒಂಬತ್ತು ದಿನ ಇತ್ತು. ಹೆಸರೂ ಇಟ್ಟಿರಲಿಲ್ಲ" ಎಂದೆ. ಮಗು ಹೋದ ಆರು ವರ್ಷದಲ್ಲಿ ಆ ಮಾತನ್ನು ಆಡಿದ್ದು ಅದೇ ಮೊದಲು.

"ಎಲ್ಲೈತೆ ಮೊಗ?"

"ಗೊತ್ತಿಲ್ಲ. ನಮ್ಮನೆಯವರೂ ನಮ್ಮ ಮಾವನೂ ಹೋಗಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ."

ನಿಂಗಮ್ಮ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು. "ಕೇಳ್ಬೇಕಾಗಿತ್ತು ಕಣವ್ವ" ಎಂದಳು, ಅಷ್ಟೇ. ಲೋಟ ತೊಳೆದು ಕೊಡುತ್ತೇನೆಂದು ಎದ್ದು ಒಳಗೆ ಹೋದೆ.

ಆ ರಾತ್ರಿ ಲೋಕೇಶನ ಮನೆಯಲ್ಲಿ ಮಲಗಿದ್ದೆ, ಕಣ್ಣು ಮುಚ್ಚಿದ್ದು ಕಡಿಮೆ. ಅರ್ಧ ಅಡಿ. ಒಂದು ಸ್ಕೇಲಿನಷ್ಟೂ ಇಲ್ಲ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಆ ಅರ್ಧ ಅಡಿ ಹುಟ್ಟಲಿಲ್ಲ.

ಬೆಳಿಗ್ಗೆ ಏಳು ಗಂಟೆ. ಮಂಜು ಕರಗಿ ಬಿಸಿಲು ಬಂದಿತ್ತು, ಕಣ್ಣಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು, ಇದನ್ನು ದಯವಿಟ್ಟು ನೆನಪಿಡಿ. ಡೈರಿಗೆ ಹಾಲು ಹಾಕಲು ಬಂದ ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ನಮ್ಮನೆಯವರು ಯಂತ್ರವನ್ನು ಟ್ರೈಲರಿನಿಂದ ಇಳಿಸಿ, ಮರದಿಂದ ಹತ್ತು ಅಡಿ ಹಿಂದೆ ತಂದು ನಿಲ್ಲಿಸಿ, ಎಂಜಿನ್ ಬಿಸಿಯಾಗಲಿ ಎಂದು ಚಾಲೂ ಇಟ್ಟು ಮೇಲೆ ಕೂತಿದ್ದರು. ನಾನು ಎಂದಿನಂತೆ ಓಣಿಯ ಒಳಗೆ, ಅವರಿಗೆ ಎದುರಾಗಿ, ಅಂಗೈ ಎತ್ತಿ ನಿಂತಿದ್ದೆ. ನಿಲ್ಲು ಎಂದು. ಮರ ಕೊಯ್ಯುವವನು ಗರಗಸದ ಮಿಷನ್ನಿಗೆ ಪೆಟ್ರೋಲ್ ಹಾಕುತ್ತಿದ್ದ. ಲೋಕೇಶ ತಲೆ ತಗ್ಗಿಸಿ ದೂರ ನಿಂತಿದ್ದ, ಅವನಿಗೂ ಮನಸ್ಸಿರಲಿಲ್ಲ.

ನಿಂಗಮ್ಮ ಎದ್ದು ನಿಂತಳು. "ತಡಿಯಪ್ಪ, ಮೊಗೀಗೆ ಒಂದ್ಮಾತು ಏಳ್ತೀನಿ" ಎಂದಳು. ಹೋಗಿ ಬಾ ಎಂದು ಹೇಳುತ್ತಾಳೆ ಎಂದುಕೊಂಡೆವು. ಹಾಲಿನ ಹೆಂಗಸರಲ್ಲಿ ಒಬ್ಬಿಬ್ಬರು ಸೆರಗು ಬಾಯಿಗೆ ತಂದರು.

ಅವಳು ಮರದ ಮೈಮೇಲೆ ಅಂಗೈ ಇಟ್ಟಳು. ಬೀದಿಯಲ್ಲಿ ಆಡುವ ಮಗುವಿಗೆ ಯಾವ ತಾಯಿಯಾದರೂ ದಿನಕ್ಕೆ ಹತ್ತು ಸಲ ಹೇಳುತ್ತಾಳಲ್ಲ, ಅದೇ ದನಿ, ಅಷ್ಟೇ ಸಲೀಸು.

"ಸರ್ಕೋ ಕಂದಾ, ಗಾಡಿ ಬತ್ತಾ ಐತೆ. ಈ ಕಡೀಕ್ ಬಾ. ನನ್ ತಾವಕ್ ಬಾ."

ಹೇಳಿ, ಮರವನ್ನು ಬಳಸಿ ಹಿಂದಕ್ಕೆ ಹೋಗಿ, ಮನೆಯ ಕಡೆಯಿಂದ ಎರಡೂ ಕೈಯಲ್ಲಿ ಕಾಂಡವನ್ನು ತಬ್ಬಿ ಹಿಡಿದಳು. ಮಗುವನ್ನು ತೋಳು ಹಿಡಿದು ತನ್ನ ಮಡಿಲಿಗೆ ಎಳೆದುಕೊಳ್ಳುವುದಿಲ್ಲವೇ, ಹಾಗೆ. ಆಮೇಲೆ ತಲೆ ಎತ್ತಿ ನಮ್ಮನೆಯವರಿಗೆ, "ಬುಡಪ್ಪಾ ಗಾಡಿಯ" ಎಂದಳು.

ಯಂತ್ರ ಹೊರಟಿತು.

ನಾನು ಕಿರುಚಿದೆ. ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಆ ಎರಡು ಆಳೆತ್ತರದ ಹಸಿರು ಯಂತ್ರ ನಿಧಾನವಾಗಿ, ಒಂದೇ ಸಮನೆ ನನ್ನ ಕಡೆ ಬಂತು. ನನ್ನ ಕಣ್ಣು ಎಡಗಡೆ ಚಕ್ರದ ಮೇಲೆ. ಡೈರಿ ಕಂಬ ಒಡೆಯುವ ಸದ್ದಿಗೆ ಹಲ್ಲು ಕಚ್ಚಿ ಕಾದೆ. ಸದ್ದು ಬರಲಿಲ್ಲ. ಚಕ್ರಕ್ಕೂ ಕಂಬಕ್ಕೂ ನಡುವೆ ಒಂದು ಬೆರಳು ಬೆಳಕು ಕಂಡಿತು. ಬಲಗಡೆ ನೋಡಿದೆ, ಅಲ್ಲೂ ಅಷ್ಟೇ ಬೆಳಕು, ಅದರ ಆಚೆ ನಿಂಗಮ್ಮನ ಎರಡು ಕೈ. ಎಲೆ ಕೂಡ ಅಲುಗಲಿಲ್ಲ. ನಾನು ಹಿಂದೆ ಹಿಂದೆ ಹೆಜ್ಜೆ ಇಟ್ಟೆ, ಅದು ಮುಂದೆ ಬಂತು, ದಾಟಿತು, ಓಣಿಯ ಆಚೆ ಹೋಗಿ ನಿಂತಿತು.

ನಾನು ಓಡಿಹೋಗಿ ಟೇಪು ತಂದೆ. ಒಂದು ತುದಿಯನ್ನು ಲೋಕೇಶನ ಕೈಗೆ ಕೊಟ್ಟೆ. ಕಂಬದಿಂದ ಮರಕ್ಕೆ ಹನ್ನೊಂದೂವರೆ ಅಡಿ. ಓಡಿ ಯಂತ್ರದ ಚಕ್ರ ಅಳೆದೆವು, ಹನ್ನೆರಡು ಅಡಿ. ಟೇಪೇ ಕೆಟ್ಟಿದೆ ಎಂದು ಮರ ಕೊಯ್ಯುವವನ ಟೇಪಿನಲ್ಲಿ ಅಳೆದೆ, ಅದೇ ಹನ್ನೊಂದೂವರೆ, ಅದೇ ಹನ್ನೆರಡು. ಟೈರು ಒತ್ತಿಕೊಂಡು ಸಣ್ಣಗಾಯಿತೇ ಎಂದು ಬಗ್ಗಿ ನೋಡಿದೆ, ಎಲ್ಲೂ ಉಜ್ಜಿದ ಗುರುತಿಲ್ಲ. ಕಂಬದ ಸುಣ್ಣ ಉದುರಿರಲಿಲ್ಲ. ಮರದ ಬುಡದ ಮಣ್ಣು ಬಿರುಕು ಬಿಟ್ಟಿರಲಿಲ್ಲ, ತೊಗಟೆಯಲ್ಲಿ ಒಂದು ಗೀರೂ ಇಲ್ಲ. ಲೋಕೇಶನ ಅಪ್ಪ ತಾವೂ ಒಂದು ಸಲ ಕೈ ಚಾಚಿ ನೋಡಿ, "ಎರಡು ಮಾರು ಒಂದು ಗೇಣು. ನಾನು ಏಳಿರ್ನಿಲ್ವಾ?" ಎಂದರು. ಆಗ ಎಲ್ಲರಿಗೂ ನಗು ಬಂತು, ನಗುತ್ತಲೇ ಹಾಲಿನ ಹೆಂಗಸರು ಕಣ್ಣು ಒರೆಸಿಕೊಂಡರು.

ನಾನು ನಮ್ಮನೆಯವರ ಮೇಲೆ ಹರಿಹಾಯ್ದೆ. "ಕೈ ಎತ್ತಿ ನಿಂತಿದ್ದೆ, ಕಣ್ಣು ಕಾಣಲ್ವಾ ನಿಮಗೆ?"

ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ನೀನೇ ಅಲ್ವೇನೇ ಬಾ ಬಾ ಅಂತ ಕೈ ಬೀಸಿದ್ದು? ಇಲ್ದಿದ್ರೆ ನಾನ್ಯಾಕೆ ಬಿಡ್ಲಿ?"

ನಾನು ಬೀಸಲಿಲ್ಲ. ನನಗೆ ಗೊತ್ತು, ನನ್ನ ಕೈ ನಿಲ್ಲು ಎಂದೇ ಇತ್ತು. ಅವರಿಗೂ ಗೊತ್ತು, ಅವರು ಕಂಡದ್ದು ಬಾ ಎಂದು. ಅಲ್ಲಿದ್ದವರನ್ನು ಕೇಳಿದರೆ, ನಿನ್ನ ಕಡೆ ಯಾರು ನೋಡುತ್ತಿದ್ದರು ತಾಯಿ ಎಂದರು.

ಹೊರಡುವಾಗ ನಿಂಗಮ್ಮನಿಗೆ ಹೇಳಿಹೋಗಲು ಹೋದೆ. ಅವಳು ಮರದ ಬುಡ ಗುಡಿಸುತ್ತಿದ್ದಳು, ಏನೂ ಆಗದವಳಂತೆ. "ಇದು ಹೇಗಾಯ್ತು ನಿಂಗವ್ವಾ?" ಎಂದೆ.

"ಮಕ್ಕಳು ಏಳುದ್ರೆ ಕೇಳ್ತವೆ ಕಣವ್ವ" ಎಂದಳು. ಪೊರಕೆ ನಿಲ್ಲಿಸಲೂ ಇಲ್ಲ.

ಹೊಳೆನರಸೀಪುರದಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಲೋಟ ಅರ್ಧ ಆಗುವಾಗ ನಾನು ಕೇಳಿಯೇಬಿಟ್ಟೆ, "ರೀ, ನಮ್ಮ ಮಗು ಎಲ್ಲಿದೆ?"

ಯಾವ ಮಗು ಎಂದು ಅವರು ಕೇಳಲಿಲ್ಲ. ಲೋಟ ಕೆಳಗಿಟ್ಟು, ಮುಖ ಒರೆಸಿಕೊಂಡು, "ಬಾ" ಎಂದರು. ಹಾಸನದ ದಾರಿ ಬಿಟ್ಟು ಲಾರಿ ಅರಕಲಗೂಡಿನ ಕಡೆ ತಿರುಗಿತು. ಆವತ್ತು ಮಾತ್ರ ಅವರು ಮುಂದೆ, ನಾನು ಜೀಪಿನಲ್ಲಿ ಹಿಂದೆ.

ಅವರ ಊರಿನ ಹೊಲದ ಅಂಚಿನಲ್ಲಿ ಒಂದು ಗಡಿಕಲ್ಲಿದೆ. ಅದಕ್ಕೆ ಹಿಮ್ಮಡಿ ತಾಗಿಸಿ ನಿಂತು, ಬಾಯಲ್ಲಿ ಎಣಿಸುತ್ತಾ ಹೊರಟರು. ಇಪ್ಪತ್ತೆರಡು ಹೆಜ್ಜೆಗೆ ನಿಂತರು. ಅಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. "ಆವತ್ತು ಎಣಿಸಿಟ್ಕೊಂಡಿದ್ದೆ" ಎಂದರು. "ನೀನು ಯಾವತ್ತಾದ್ರೂ ಕೇಳ್ತೀಯ, ಆಗ ನಾನು ಮರ್ತಿರಬಾರದು ಅಂತ." ಆರು ವರ್ಷ ಈ ಮನುಷ್ಯನ ಮೇಲೆ ಒಳಗೊಳಗೇ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ನನಗೆ ತಿಳಿಯದು. ಇಬ್ಬರೂ ಅಲ್ಲೇ ಕೂತು ಹೊಟ್ಟೆ ತುಂಬ ಅತ್ತೆವು.

ಮುಂದಿನ ಮಳೆಗೆ ಅಲ್ಲೊಂದು ಹೊಂಗೆ ನೆಟ್ಟೆವು. ನಾನು ಅಭ್ಯಾಸಬಲ, ಟೇಪು ಹಿಡಿದು ಗಡಿಕಲ್ಲಿನಿಂದ ಅಳೆದು ಪುಸ್ತಕದಲ್ಲಿ ಬರೆದುಕೊಂಡೆ, ಐವತ್ತೈದು ಅಡಿ.

ಆ ಓಣಿಯಲ್ಲಿ ಆದದ್ದೇನು ಎಂದು ಎಷ್ಟೋ ಜನರನ್ನು ಕೇಳಿದ್ದೇನೆ. ಒಬ್ಬ ಎಂಜಿನಿಯರು, ನೀವು ಅಳೆದದ್ದೇ ತಪ್ಪು ಎಂದರು. ನಾಲ್ಕು ಸಲವೂ, ಎರಡು ಟೇಪಿನಲ್ಲೂ ತಪ್ಪೇ ಸ್ವಾಮಿ ಎಂದರೆ ನಕ್ಕರು. ಇವತ್ತಿಗೂ ದಾರಿ ಅಳೆಯದೆ ಗಾಡಿ ಬಿಡುವವಳಲ್ಲ ನಾನು, ಹನ್ನೆರಡು ಅಡಿ ಹನ್ನೊಂದೂವರೆಯಲ್ಲಿ ಹೋಗುವುದಿಲ್ಲ ಎಂದೇ ಇವತ್ತಿಗೂ ವಾದಿಸುತ್ತೇನೆ. ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದೂ ನಿಜ.

ಹೋದ ತಿಂಗಳು ಹೊಲಕ್ಕೆ ಹೋಗಿದ್ದೆವು. ಹೊಂಗೆ ಈಗ ನನಗಿಂತ ಎತ್ತರ. ನಮ್ಮನೆಯವರು ಎಂದಿನಂತೆ ಕಲ್ಲಿಗೆ ಹಿಮ್ಮಡಿ ತಾಗಿಸಿ ಎಣಿಸಿಕೊಂಡು ಹೊರಟರು. ಕ್ಲಚ್ಚು ತುಳಿದು ತುಳಿದು ಅವರ ಮಂಡಿ ಹೋಗಿದೆ, ಹೆಜ್ಜೆ ಮೊದಲಿಗಿಂತ ಸಣ್ಣದು, ಲೆಕ್ಕ ಇಪ್ಪತ್ತೆರಡು ದಾಟಬೇಕು. ಇಪ್ಪತ್ತಕ್ಕೆ ಮರದ ನೆರಳು ಸಿಕ್ಕಿತು. ಇಪ್ಪತ್ತೊಂದಕ್ಕೆ ಅವರ ಕೈಗೆ ಕಾಂಡವೇ ತಾಗಿತು. ಹಾಗೇ ನಿಂತುಬಿಟ್ಟರು.

"ಒಂದ್ ಹೆಜ್ಜೆ ಈ ಕಡೀಕ್ ಬಂದಂಗದೆ ಕಣೇ" ಎಂದರು, ಮರದ ಮೇಲಿನ ಕೈ ತೆಗೆಯದೆ.

ಟೇಪು ನನ್ನ ಕೈಚೀಲದಲ್ಲೇ ಇತ್ತು. ನಾನು ತೆಗೆಯಲಿಲ್ಲ.